ನಾಲ್ಕನೇ ಡಾ ಹುಡುಕುತ್ತಾ: ನನ್ನ ಹ್ಯಾಮ್ ರೇಡಿಯೋ ದಿನಚರಿ

ಬೆಳಿಗ್ಗೆ ಎದ್ದವಳೇ/ಎದ್ದವನೇ ಏನು ಮಾಡ್ತೀರಿ ಅಂತ ಹ್ಯಾಮ್‌ಗಳನ್ನು, ಅಂದರೆ ಹವ್ಯಾಸಕ್ಕೆ ರೇಡಿಯೋ ಸಂಪರ್ಕ ಮಾಡುವವರನ್ನು, ಕೇಳಿದರೆ ಒಬ್ಬೊಬ್ಬರದು ಒಂದೊಂದು ಉತ್ತರ. ನಾನಂತೂ ಹೆಡ್‌ಫೋನ್ ಹಾಕಿಕೊಂಡು ರಿಗ್ಗನ್ನು (ರೇಡಿಯೋ ಸೆಟ್ಟನ್ನು) 14.100 ಮೆಗಾಹರ್ಟ್ಜ್‌ಗೆ ತಿರುಗಿಸುತ್ತೇನೆ. ಮಾತಾಡುವುದಕ್ಕಲ್ಲ. ಅಲ್ಲಿ ಮಾತಾಡಲೂ ಬಾರದು, ಅದು ಸಿಗ್ನಲ್ ಎಲ್ಲಿಯವರೆಗೆ ಮುಟ್ಟುತ್ತದೆ ಅಂತ ತಿಳಿಯಲು ಇಟ್ಟ ಬೀಕನ್‌ಗಳ ಜಾಗ. ಜಪಾನ್, ಕೆನ್ಯಾ, ಫಿನ್‌ಲೆಂಡ್, ಪೆರು ಹೀಗೆ ಜಗತ್ತಿನ 18 ಕಡೆ ಇಟ್ಟಿರುವ ಟ್ರಾನ್ಸ್‌ಮಿಟರ್‌ಗಳು ಸರದಿ ಪ್ರಕಾರ ತಲಾ 10 ಸೆಕೆಂಡು ಕೂಗುತ್ತವೆ. 3 ನಿಮಿಷಕ್ಕೆ ಒಂದು ಸುತ್ತು. ಪ್ರತಿಯೊಂದೂ ಮೊದಲು ಮೋರ್ಸ್‌ನಲ್ಲಿ ತನ್ನ ಕಾಲ್‌ಸೈನ್ (ಸ್ಟೇಷನ್ನಿನ ಗುರುತು) ಹೇಳುತ್ತದೆ. ಆಮೇಲೆ ಒಂದೊಂದು ಸೆಕೆಂಡಿನ ನಾಲ್ಕು ಡಾ, ಅಂದರೆ ಮೋರ್ಸ್‌ನ ಉದ್ದನೆಯ ಸದ್ದು. ಮೊದಲನೆಯದು 100 ವ್ಯಾಟ್, ಎರಡನೆಯದು 10, ಮೂರನೆಯದು 1, ನಾಲ್ಕನೆಯದು ಬರೀ 0.1 ವ್ಯಾಟ್.

0.1 ವ್ಯಾಟ್ ಅಂದರೆ ಟಾರ್ಚಿನ ಬಲ್ಬಿಗೂ ಸಾಲದ ಶಕ್ತಿ. ಅದು ಸಮುದ್ರ ದಾಟಿ ನನ್ನ ತಂತಿಗೆ ತಗುಲುತ್ತದೆಯೋ ಇಲ್ಲವೋ ಎಂದು ಕಾಯುವುದೇ ನನ್ನ ಬೆಳಗಿನ ಪೂಜೆ ಅನ್ನಿ. ಯಾವ ಬೀಕನ್, ಎಷ್ಟು ಡಾ ಕೇಳಿಸಿತು, ಇಷ್ಟನ್ನು ಒಂದು ನೋಟ್‌ಬುಕ್ಕಿನಲ್ಲಿ ಗೀಚಿಡುತ್ತೇನೆ. ಎರಡು ಡಾ ಬಂದರೆ ಇವತ್ತು ಪರವಾಗಿಲ್ಲ. ಮೂರು ಬಂದರೆ ಬೇರೆ ಕೆಲಸಗಳು ಸ್ವಲ್ಪ ತಡವಾಗುತ್ತವೆ.

ಅಲ್ಲಿಂದ 7 ಮೆಗಾಹರ್ಟ್ಜ್‌ಗೆ, ಅಂದರೆ ನಮ್ಮ 40 ಮೀಟರ್ ಬ್ಯಾಂಡಿಗೆ ಇಳಿಯುತ್ತೇನೆ. ಸೂರ್ಯ ಹುಟ್ಟುವ ಹೊತ್ತಿನ ಆ ಅರ್ಧ ಗಂಟೆ ಬೇರೆಯೇ. ಹಗಲಲ್ಲಿ ಅಯಾನುಗೋಳದ (ವಾತಾವರಣದ ಮೇಲ್ಭಾಗದ ವಿದ್ಯುದಾವೇಶದ ಪದರಗಳ) ಕೆಳಗಿನ ಡಿ ಪದರ ಈ ಬ್ಯಾಂಡಿನ ದೂರದ ಸಿಗ್ನಲ್‌ಗಳನ್ನು ನುಂಗಿಬಿಡುತ್ತದೆ. ರಾತ್ರಿ ಆ ಪದರ ಇರುವುದಿಲ್ಲ. ಮೇಲಿನ ಎಫ್ ಪದರ ಮಾತ್ರ ಉಳಿದು ಅಲೆಗಳನ್ನು ಬಗ್ಗಿಸಿ ಭೂಮಿಗೆ ವಾಪಸ್ ಕಳಿಸುತ್ತದೆ. ಹಗಲು ರಾತ್ರಿಯ ಗಡಿಯಲ್ಲಿ ಕೂತವರಿಗೆ ಅದೇ ಗಡಿಯ ಮೇಲಿರುವ ದೂರದ ಸ್ಟೇಷನ್‌ಗಳು ಸ್ವಲ್ಪ ಹೊತ್ತು ಪಕ್ಕದ ಮನೆಯವರಂತೆ ಕೇಳಿಸುತ್ತವೆ. ನಾವು ಇದಕ್ಕೆ ಗ್ರೇ ಲೈನ್ ಅನ್ನುತ್ತೇವೆ. ಮಾತಿನ ಮಧ್ಯದಲ್ಲೇ ಆ ಕಡೆಯವರ ದನಿ ಕರಗುತ್ತಾ ಹೋಗುವುದನ್ನು ಎಷ್ಟು ಸಲ ಕೇಳಿದರೂ ಬೇಜಾರಾಗಿಲ್ಲ.

ನನ್ನ ಆಂಟೆನಾ ದೊಡ್ಡದೇನಲ್ಲ. ಒಂದು ಕಂಬ, ಮಧ್ಯದಿಂದ ಎರಡೂ ಕಡೆ ಇಳಿಜಾರಾಗಿ ಕಟ್ಟಿದ ತಂತಿ. 143ನ್ನು ಮೆಗಾಹರ್ಟ್ಜ್‌ನಿಂದ ಭಾಗಿಸಿದರೆ ಇಂಥ ಆಂಟೆನಾದ, ಅಂದರೆ ಡೈಪೋಲಿನ, ಉದ್ದ ಮೀಟರಿನಲ್ಲಿ ಸಿಗುತ್ತದೆ. 7.1ಕ್ಕೆ ಲೆಕ್ಕ ಹಾಕಿ ಒಂದೊಂದು ಕಡೆ 10 ಮೀಟರ್ ಚಿಲ್ಲರೆ ಕತ್ತರಿಸಿ ಮೇಲೇರಿಸಿದೆ. ಅಳೆದು ನೋಡಿದರೆ ಆಂಟೆನಾ 6.8 ಮೆಗಾಹರ್ಟ್ಜ್‌ಗೆ ಹೊಂದಿಕೊಂಡು ಕೂತಿದೆ! ತಂತಿಯ ಮೇಲಿನ ಪ್ಲಾಸ್ಟಿಕ್ ಹೊದಿಕೆಯಿಂದ ಆಂಟೆನಾ ಇರುವುದಕ್ಕಿಂತ ಉದ್ದ ಇರುವಂತೆ ವರ್ತಿಸುತ್ತದೆ ಅಂತ ಆಗ ನನಗೆ ಗೊತ್ತಿರಲಿಲ್ಲ. ಎರಡೂ ಕಡೆ ಸುಮಾರು 40 ಸೆಂಟಿಮೀಟರ್ ಕತ್ತರಿಸಿದ್ದರೆ ಸಾಕಿತ್ತು. ಉತ್ಸಾಹದಲ್ಲಿ ಇನ್ನೊಂದು ಗೇಣು ಜಾಸ್ತಿ ಕತ್ತರಿಸಿದೆ, 7.27ಕ್ಕೆ ಹಾರಿತು. ಆಮೇಲೆ ಮತ್ತೆ ತುಂಡು ಬೆಸುಗೆ ಹಾಕಿ ಸೇರಿಸಿದೆ. ಆ ಗಂಟು ಇವತ್ತಿಗೂ ಅಲ್ಲೇ ಇದೆ. ಹೊಸಬರು ಕೇಳಿದರೆ ಒಂದೇ ಮಾತು ಹೇಳುತ್ತೇನೆ: ಕತ್ತರಿಸಬೇಡಿ, ತುದಿಯನ್ನು ಹಿಂದಕ್ಕೆ ಮಡಚಿ ಸುತ್ತಿ. ಸರಿಹೋಗದಿದ್ದರೆ ಬಿಚ್ಚಬಹುದಲ್ವಾ.

ಇಷ್ಟೆಲ್ಲಾ ಆದಮೇಲೂ ಬಹಳ ದಿನ ನನ್ನ ನೋಟ್‌ಬುಕ್ಕಿನಲ್ಲಿ ಒಂದು ಡಾ, ಒಂದು ಡಾ, ಸೊನ್ನೆ, ಇಷ್ಟೇ ಇತ್ತು. ಆಂಟೆನಾ ಎತ್ತರ ಸಾಲದು ಅಂದುಕೊಂಡೆ. ರಿಗ್ ಹಳೆಯದು ಅಂದುಕೊಂಡೆ. ನಾನು ಕಳಿಸುವ ಸಿಗ್ನಲ್ಲನ್ನು ಮಾತ್ರ ಹೆಚ್ಚಿಸುವ ಪವರ್ ಆಂಪ್ಲಿಫೈಯರ್ ತರುವ ಯೋಚನೆಯೂ ಬಂತು, ಅದರಿಂದ ನನ್ನ ಕಿವಿಗೆ ಏನೂ ಉಪಯೋಗ ಇಲ್ಲ ಅನ್ನುವುದನ್ನು ಮರೆತು. ಯಾರೂ ಮಾತಾಡದ ಜಾಗದಲ್ಲೂ ಸಿಗ್ನಲ್ಲಿನ ಬಲ ತೋರಿಸುವ ಎಸ್ ಮೀಟರಿನ ಮುಳ್ಳು ಎಸ್ 7ರಲ್ಲಿ ನಿಂತಿರುತ್ತಿತ್ತು. ಜೀರುಂಡೆ ಕೂಗಿದ ಹಾಗೆ ಒಂದೇ ಸಮನೆ ಗುಂಯ್ ಅನ್ನುವ ಸದ್ದು.

ಒಂದು ಸಂಜೆ ರಿಗ್ಗಿಗೆ 12 ವೋಲ್ಟಿನ ಬ್ಯಾಟರಿ ಜೋಡಿಸಿ ಮನೆಯ ಮೇನ್ ಸ್ವಿಚ್ಚನ್ನೇ ಆರಿಸಿದೆ. ಮುಳ್ಳು ಪಟ್ಟಂತ ಎಸ್ 3ಕ್ಕೆ ಬಿತ್ತು. ಕತ್ತಲಲ್ಲಿ ಕೂತು ಕೇಳುತ್ತಿದ್ದರೆ, ಬ್ಯಾಂಡಿನ ತುಂಬಾ ಜನ! ಇಷ್ಟು ದಿನ ಇವರೆಲ್ಲಾ ಎಲ್ಲಿದ್ದರು? ಎಸ್ ಮೀಟರಿನ ಒಂದು ಮಟ್ಟಕ್ಕೆ 6 ಡೆಸಿಬಲ್. ನಾಲ್ಕು ಮಟ್ಟಕ್ಕೆ 24 ಡೆಸಿಬಲ್, ಅಂದರೆ ಶಕ್ತಿಯ ಲೆಕ್ಕದಲ್ಲಿ ಸುಮಾರು 250 ಪಟ್ಟು ಗದ್ದಲವನ್ನು ನಾನೇ ಮನೆಯೊಳಗೆ ಸಾಕಿಕೊಂಡಿದ್ದೆ.

ಆಮೇಲೆ ಒಂದೊಂದೇ ಬ್ರೇಕರ್ ಹಾಕುತ್ತಾ ಬಂದೆ. ಅಡುಗೆಮನೆ, ಏನೂ ಇಲ್ಲ. ಹಾಲ್, ಮುಳ್ಳು ಒಂದು ಮಟ್ಟ ಏರಿತು. ಅದು ಇಂಟರ್ನೆಟ್ ಪೆಟ್ಟಿಗೆಯ ಅಡಾಪ್ಟರ್. ಅದರ ವೈರನ್ನು ಗದ್ದಲ ತಡೆಯುವ ಫೆರೈಟ್ ಉಂಗುರಕ್ಕೆ ಎಂಟು ಸುತ್ತು ಸುತ್ತಿದ ಮೇಲೆ ಇಳಿಯಿತು. ಕೊನೆಗೆ ನಾನು ಕೂತಿದ್ದ ಕೋಣೆಯ ಬ್ರೇಕರ್ ಹಾಕಿದೆ. ಎಸ್ 7. ಚಿಕ್ಕ ಪೋರ್ಟಬಲ್ ರೇಡಿಯೋ ಹಿಡಿದು ಗೋಡೆ, ಪ್ಲಗ್, ಕಿಟಕಿ ಎಲ್ಲಾ ಮೂಸಿದೆ. ಸದ್ದು ಜಾಸ್ತಿಯಾಗಿದ್ದು ನನ್ನ ಮೇಜಿನ ಹತ್ತಿರ. ಲಾಗ್ ಬರೆಯಲು ಅಂತ ನಾನೇ ಆಸೆಪಟ್ಟು ತಂದಿಟ್ಟಿದ್ದ ಎಲ್‌ಇಡಿ ದೀಪ! ಅದರೊಳಗಿನ ಪುಟ್ಟ ಸ್ವಿಚಿಂಗ್ ಸರ್ಕ್ಯೂಟ್ ಸೆಕೆಂಡಿಗೆ ಸಾವಿರಾರು ಸಲ ಆನ್ ಆಫ್ ಆಗುತ್ತಾ ಇಡೀ ಬ್ಯಾಂಡನ್ನು ಕೆಡಿಸುತ್ತಿತ್ತು. ಏನೂ ಕೇಳಿಸಲಿಲ್ಲ ಎಂದು ನಾನು ಬರೆದುಕೊಳ್ಳುತ್ತಿದ್ದದ್ದೂ ಅದೇ ದೀಪದ ಬೆಳಕಿನಲ್ಲಿ.

ಗದ್ದಲ ಹೋದ ಮೇಲೆ ಮೌನಕ್ಕೂ ಹೆದರಿದ ಕಥೆ ಒಂದಿದೆ. ಒಂದು ಮಧ್ಯಾಹ್ನ ಬ್ಯಾಂಡ್ ಇದ್ದಕ್ಕಿದ್ದಂತೆ ಸತ್ತೇಹೋಯಿತು. ಬೀಕನ್ ಇಲ್ಲ, ಮನುಷ್ಯರಿಲ್ಲ, ಯಾವಾಗಲೂ ಇರುವ ಸುಯ್ ಸದ್ದೂ ತಗ್ಗಿದೆ. ಕೇಬಲ್ ಕಿತ್ತುಹೋಯಿತು ಅಂತ ಮಹಡಿ ಹತ್ತಿ ಕನೆಕ್ಟರ್ ಬಿಚ್ಚಿ, ಒರೆಸಿ, ಟೇಪ್ ಸುತ್ತಿ ಇಳಿದು ಬಂದೆ. ಅಷ್ಟರಲ್ಲಿ ಸಿಗ್ನಲ್‌ಗಳು ನಿಧಾನಕ್ಕೆ ವಾಪಸ್ ಬರುತ್ತಿದ್ದವು. ನನ್ನ ಟೇಪಿನ ಮಹಿಮೆ ಅಂದುಕೊಂಡೆ. ಸೂರ್ಯನಲ್ಲಿ ಜ್ವಾಲೆ ಎದ್ದಿತ್ತು ಅಂತ ಆಮೇಲೆ ಗೊತ್ತಾಯಿತು. ಅದರ ಎಕ್ಸ್ ಕಿರಣಗಳು 8 ನಿಮಿಷದಲ್ಲಿ ಇಲ್ಲಿಗೆ ಬಂದು ಡಿ ಪದರವನ್ನು ದಪ್ಪ ಮಾಡಿ ಹಗಲಿನ ಭಾಗವನ್ನೆಲ್ಲಾ ಕಿವುಡು ಮಾಡಿಬಿಡುತ್ತವೆ. ಈಗ ಬ್ಯಾಂಡ್ ಸತ್ತರೆ ಏಣಿ ಹುಡುಕುವುದಿಲ್ಲ, ಮೊದಲು ಸೂರ್ಯನ ವರದಿ ನೋಡುತ್ತೇನೆ.

ಕಂಪ್ಯೂಟರ್ ಮೂಲಕ ಚುಟುಕು ಸಂದೇಶ ಕಳಿಸುವ ಎಫ್‌ಟಿ8 ವಿಧಾನದ ಬಗ್ಗೆ ನನ್ನದು ಎರಡು ಮನಸ್ಸು. 2017ರಲ್ಲಿ ಇದನ್ನು ತಂದವರು ಸ್ಟೀವ್ ಫ್ರಾಂಕೆ ಮತ್ತು ಜೋ ಟೇಲರ್. ಟೇಲರ್ ಅಂದರೆ ಪಲ್ಸಾರ್ (ರೇಡಿಯೋ ಮಿಡಿತ ಕಳಿಸುವ ನಕ್ಷತ್ರ) ಸಂಶೋಧನೆಗೆ 1993ರಲ್ಲಿ ಭೌತಶಾಸ್ತ್ರದ ನೊಬೆಲ್ ಹಂಚಿಕೊಂಡವರು. ಗದ್ದಲದೊಳಗಿಂದ ಸಿಗ್ನಲ್ ಹೆಕ್ಕುವುದು ಅವರಿಗೆ ಹೊಸದಲ್ಲ. 15 ಸೆಕೆಂಡಿಗೊಂದು ಸರದಿ. ಕಿವಿಗೆ ಕೇಳಿಸದ ಸಿಗ್ನಲ್ಲನ್ನೂ ಕಂಪ್ಯೂಟರ್ ಓದುತ್ತದೆ. ಒಂದೂವರೆ ನಿಮಿಷದಲ್ಲಿ ಒಂದು ಸಂಪರ್ಕ ಮುಗಿಯುತ್ತದೆ. 5 ವ್ಯಾಟಿನಲ್ಲೇ ನನಗೆ ಎಷ್ಟೋ ದೇಶಗಳು ಸಿಕ್ಕಿದ್ದು ಇದರಿಂದಲೇ, ಸುಳ್ಳು ಹೇಳಬಾರದು. ಆದರೆ ಹತ್ತಿಪ್ಪತ್ತು ಸಂಪರ್ಕ ಆದಮೇಲೆ ಸುಮ್ನೆ ಪರದೆ ನೋಡುತ್ತಾ ಕೂತಿರುವುದು ನಾನೋ, ಕಂಪ್ಯೂಟರೋ ಅನ್ನಿಸತೊಡಗುತ್ತದೆ. ಕೈ ತಾನಾಗಿಯೇ ಮೋರ್ಸ್ ಕೀ ಕಡೆ ಹೋಗುತ್ತದೆ.

ಸಂಜೆಯ ಹೊತ್ತು ಹಾಗಾಗಿ ಮೋರ್ಸ್‌ಗೆ ಮೀಸಲು. ಕಲಿಯುವಾಗ ನಾನು ಚುಕ್ಕೆ ಗೆರೆ ಎಣಿಸಿ ಕಲಿತೆ, ದೊಡ್ಡ ತಪ್ಪು. ನಿಮಿಷಕ್ಕೆ 10 ಪದ ದಾಟುವಷ್ಟರಲ್ಲಿ ಎಣಿಕೆ ಕೈಕೊಡುತ್ತದೆ. ಎಲ್ಲಾ ಮರೆತು ಕೋಖ್ ವಿಧಾನದಲ್ಲಿ ಮೊದಲಿಂದ ಶುರು ಮಾಡಿದೆ: ಕೆ ಮತ್ತು ಎಂ, ಎರಡೇ ಅಕ್ಷರ, ಮೊದಲ ದಿನದಿಂದಲೇ ಪೂರ್ತಿ ವೇಗ. ಅಕ್ಷರ ಆಗ ಲೆಕ್ಕವಾಗಿ ಅಲ್ಲ, ತಾಳವಾಗಿ ಕೂರುತ್ತದೆ.

ಮೊನ್ನೆ 7 ಮೆಗಾಹರ್ಟ್ಜ್‌ನಲ್ಲಿ ಯಾರೋ ತಡವರಿಸುತ್ತಾ ಸಿಕ್ಯೂ, ಅಂದರೆ ಯಾರಾದರೂ ಉತ್ತರಿಸಿ ಅಂತ, ಕರೆಯುತ್ತಿದ್ದರು. ಡಾ ಒಂದು ಗಿಡ್ಡ, ಇನ್ನೊಂದು ವಿಪರೀತ ಉದ್ದ, ಮಧ್ಯೆ ಉಸಿರು ತೆಗೆದುಕೊಂಡ ಹಾಗೆ ಖಾಲಿ. ಯಾರೂ ಉತ್ತರ ಕೊಡುತ್ತಿರಲಿಲ್ಲ. ಸಿಗ್ನಲ್ಲೂ ತೀರಾ ಸಣ್ಣದು. ಹಳೇ ದೀಪ ಉರಿಯುತ್ತಿದ್ದರೆ ನನಗೆ ಕೇಳಿಸುತ್ತಲೇ ಇರಲಿಲ್ಲ. ನನ್ನ ವೇಗವನ್ನು ನಿಮಿಷಕ್ಕೆ 8 ಪದಕ್ಕೆ ಇಳಿಸಿ ಕರೆದೆ. ಸ್ವಲ್ಪ ಹೊತ್ತು ಮೌನ. ಆಮೇಲೆ ನನ್ನ ಕಾಲ್‌ಸೈನ್ ಬಂತು, ಒಂದಕ್ಷರ ತಪ್ಪಾಗಿ. ತಿದ್ದಿದೆ. ಆ ಕಡೆಯವರು ತಮ್ಮ ಹೆಸರನ್ನೇ ಎರಡು ಸಲ ತಪ್ಪು ಹೊಡೆದು, ಮೂರನೇ ಸಲಕ್ಕೆ ಸರಿ ಹೊಡೆದರು. ಸಿಗ್ನಲ್ ವರದಿ, ಹೆಸರು, 5 ವ್ಯಾಟ್, ತಂತಿ ಆಂಟೆನಾ, ಇಷ್ಟು ಹೇಳಿಕೊಳ್ಳಲು 11 ನಿಮಿಷ ಹಿಡಿಯಿತು.

73, ಅಂದರೆ ವಿದಾಯದ ಶುಭಾಶಯ, ಹೇಳಿದ ಮೇಲೆ ಅದೇ ಜಾಗದಲ್ಲಿ ಬಹಳ ಹೊತ್ತು ಕೇಳಿದೆ. ಅವರು ಮತ್ತೆ ಸಿಕ್ಯೂ ಕರೆಯಲಿಲ್ಲ. ನನ್ನ ಮೊದಲ ಮೋರ್ಸ್ ಮಾತು ಮುಗಿದಾಗ ನಾನೂ ರಿಗ್ ಆರಿಸಿ, ಬೆವೆತ ಕೈ ಒರೆಸಿಕೊಂಡು ಎದ್ದುಬಿಟ್ಟಿದ್ದೆ.