ರೌಂಡ್‌ಟೇಬಲ್ ಸಭೆಗೆ ಹೋಗಬೇಕೆ? ಒಬ್ಬ ಕಬ್‌ಮಾಸ್ಟರ್‌ನ ಅನುಭವ

ಅಮೆರಿಕದಲ್ಲಿ ಮಕ್ಕಳನ್ನು ಸ್ಕೌಟಿಂಗ್‌ನ ಕಿರಿಯರ ವಿಭಾಗವಾದ ಕಬ್ ಸ್ಕೌಟ್‌ಗೆ ಸೇರಿಸಿ, ಯಾರೂ ಮುಂದೆ ಬಾರದಿದ್ದಾಗ ತಾವೇ ಡೆನ್ ಲೀಡರ್, ಅಂದರೆ ಮಕ್ಕಳ ಒಂದು ಗುಂಪಿನ ನಾಯಕರು, ಆಗಲು ಒಪ್ಪಿಕೊಂಡ ಕನ್ನಡದ ತಂದೆತಾಯಂದಿರು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆಯೊಂದಿದೆ. ತಿಂಗಳಿಗೊಮ್ಮೆ ನಡೆಯುವ, ಸ್ಕೌಟ್ ನಾಯಕರ ರೌಂಡ್‌ಟೇಬಲ್ ಸಭೆಗೆ ಹೋಗಲೇಬೇಕೆ? ಕಚೇರಿಯ ಕೆಲಸ ಮುಗಿಸಿ, ಮಕ್ಕಳಿಗೆ ಊಟ ಹಾಕಿ, ವಾರದ ನಡುವಿನ ಒಂದು ಸಂಜೆಯನ್ನು ಯಾವುದೋ ಚರ್ಚಿನ ಸಭಾಂಗಣದಲ್ಲಿ ಕಳೆದರೆ ಸಿಗುವುದಾದರೂ ಏನು? ನ್ಯೂ ಜೆರ್ಸಿಯ ಒಂದು ಪ್ಯಾಕ್‌ನಲ್ಲಿ ಮೊದಲು ಡೆನ್ ಲೀಡರ್ ಆಗಿಯೂ ಆಮೇಲೆ ಇಡೀ ಪ್ಯಾಕ್‌ನ ಮುಖ್ಯಸ್ಥನಾದ ಕಬ್‌ಮಾಸ್ಟರ್ ಆಗಿಯೂ ಕೆಲಸ ಮಾಡುತ್ತ ಬಂದ ನಾನು ಈಗ ಕೊಡುವ ಉತ್ತರವಿಷ್ಟು: ಮೊದಲ ಎರಡು ವರ್ಷ ಖಂಡಿತ ಹೋಗಿ, ಆದರೆ ಅಲ್ಲಿ ಓದಿ ಹೇಳುವ ಪ್ರಕಟಣೆಗಳನ್ನು ಕೇಳುವುದಕ್ಕೆಂದು ಮಾತ್ರ ಹೋಗಬೇಡಿ.

ಗೊತ್ತಿಲ್ಲದವರಿಗಾಗಿ ವ್ಯವಸ್ಥೆಯ ಕುರಿತು ಎರಡು ಮಾತು. 1910ರಲ್ಲಿ ಬಾಯ್ ಸ್ಕೌಟ್ಸ್ ಆಫ್ ಅಮೆರಿಕ ಎಂಬ ಹೆಸರಿನಲ್ಲಿ ಆರಂಭವಾಗಿ, 2025ರ ಫೆಬ್ರುವರಿಯಿಂದ ಸ್ಕೌಟಿಂಗ್ ಅಮೆರಿಕ ಎಂದು ಕರೆಸಿಕೊಳ್ಳುತ್ತಿರುವ ಈ ಸಂಸ್ಥೆಯು ದೇಶವನ್ನು ಕೌನ್ಸಿಲ್‌ಗಳಾಗಿಯೂ, ಬಹುತೇಕ ಕೌನ್ಸಿಲ್‌ಗಳು ತಮ್ಮ ಪ್ರದೇಶವನ್ನು ಡಿಸ್ಟ್ರಿಕ್ಟ್‌ಗಳಾಗಿಯೂ ವಿಂಗಡಿಸಿಕೊಂಡಿವೆ. ಶಿಶುವಿಹಾರದಿಂದ ಐದನೆಯ ತರಗತಿಯವರೆಗಿನ ಮಕ್ಕಳ ಘಟಕ ಪ್ಯಾಕ್. ಅದರೊಳಗೆ ತರಗತಿಗೊಂದು ಡೆನ್. ಅದಕ್ಕಿಂತ ದೊಡ್ಡ ಮಕ್ಕಳದು ಟ್ರೂಪ್. ಸಂಬಳ ಪಡೆಯುವವರು ಡಿಸ್ಟ್ರಿಕ್ಟ್ ಎಕ್ಸಿಕ್ಯೂಟಿವ್‌ನಂಥ ಕೆಲವರು ಮಾತ್ರ. ಉಳಿದವರೆಲ್ಲ ನಮ್ಮಂತೆ ಬಿಡುವಿನ ವೇಳೆಯಲ್ಲಿ ದುಡಿಯುವ ಸ್ವಯಂಸೇವಕರು. ರೌಂಡ್‌ಟೇಬಲ್ ಎನ್ನುವುದು ಒಂದು ಡಿಸ್ಟ್ರಿಕ್ಟ್‌ನ ಎಲ್ಲ ಪ್ಯಾಕ್ ಮತ್ತು ಟ್ರೂಪ್‌ಗಳ ನಾಯಕರು ಸೇರುವ ಮಾಸಿಕ ಸಭೆ. ಮೊದಲು ಎಲ್ಲರೂ ಒಟ್ಟಿಗೆ ಕೂತು ಧ್ವಜವಂದನೆ ಮತ್ತು ಪ್ರಕಟಣೆಗಳನ್ನು ಮುಗಿಸುತ್ತಾರೆ. ಆಮೇಲೆ ಕಬ್ ಸ್ಕೌಟ್‌ನವರು ಒಂದು ಕೋಣೆಗೆ, ಟ್ರೂಪ್‌ನವರು ಇನ್ನೊಂದು ಕೋಣೆಗೆ ಹೋಗುತ್ತಾರೆ. ಕೊನೆಯಲ್ಲಿ ಕಾಫಿ, ಕುಕೀಸ್ ಮತ್ತು ಹರಟೆ. ಈ ಕೊನೆಯ ಭಾಗಕ್ಕೆ ಇಲ್ಲಿಯವರು ಕ್ರ್ಯಾಕರ್ ಬ್ಯಾರಲ್ ಎನ್ನುತ್ತಾರೆ.

ಇಂಥ ಸಭೆ ಇಲ್ಲಿ ಯಾಕೆ ಬೇಕಾಯಿತು ಎನ್ನುವುದು ನನಗೆ ತಿಳಿದದ್ದು ಕರ್ನಾಟಕದ ರೀತಿಯೊಂದಿಗೆ ಹೋಲಿಸಿ ನೋಡಿದಾಗ. ದಾವಣಗೆರೆಯ ಶಾಲೆಯಲ್ಲಿ ನಾನು ಓದುತ್ತಿದ್ದಾಗ ನಮ್ಮ ಸ್ಕೌಟ್ ಮಾಸ್ಟರ್ ಆಗಿದ್ದವರು ಶಾಲೆಯ ಮೇಷ್ಟ್ರೇ. ಅವರು ಸಮೀಪದ ಕೊಂಡಜ್ಜಿಯ ಕೇಂದ್ರದಲ್ಲಿ ತರಬೇತಿ ಪಡೆದು ಬಂದವರು, ವರ್ಷಗಟ್ಟಲೆ ಅದೇ ಶಾಲೆಯಲ್ಲಿ ಇದ್ದವರು, ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್‌ನ ಸುತ್ತೋಲೆ ಮುಖ್ಯೋಪಾಧ್ಯಾಯರ ಮೇಜಿಗೆ ಬಂದರೆ ಅದರ ಮುಂದಿನ ಕೆಲಸ ಏನೆಂದು ತಿಳಿದವರು. ಇಲ್ಲಿ ಹಾಗಿಲ್ಲ. ಡೆನ್ ಲೀಡರ್ ಆಗುವವರು ಮಗುವಿನ ತಂದೆಯೋ ತಾಯಿಯೋ ಆಗಿರುತ್ತಾರೆ. ಮಗು ಐದನೆಯ ತರಗತಿಯಲ್ಲಿ ಪ್ಯಾಕ್ ಮುಗಿಸಿ ಟ್ರೂಪ್‌ಗೆ ಹೋದ ದಿನವೇ ಅವರೂ ಪ್ಯಾಕ್ ಬಿಟ್ಟು ಹೊರಡುತ್ತಾರೆ, ಜೊತೆಗೆ ಅವರು ಕಲಿತದ್ದೂ ಹೊರಡುತ್ತದೆ. ಕೆಲವೇ ವರ್ಷಗಳಲ್ಲಿ ಇಡೀ ನಾಯಕತ್ವ ಬದಲಾಗುವ ಇಂಥ ಘಟಕದಲ್ಲಿ ಹಳಬರ ತಿಳಿವಳಿಕೆ ಉಳಿಯಬೇಕಾದರೆ ಅದು ಪ್ಯಾಕ್‌ನ ಹೊರಗೆ ಎಲ್ಲಾದರೂ ಇರಬೇಕಾಗುತ್ತದೆ. ಡಿಸ್ಟ್ರಿಕ್ಟ್‌ನ ಹಿರಿಯ ಸ್ವಯಂಸೇವಕರು ಅಂಥ ನೆನಪಿನ ಕಣಜ, ಮತ್ತು ಅವರು ಒಟ್ಟಾಗಿ ಸಿಗುವ ಜಾಗ ರೌಂಡ್‌ಟೇಬಲ್ ಒಂದೇ.

ಪ್ರಕಟಣೆಗಳ ವಿಷಯವನ್ನು ಬೇಗ ಮುಗಿಸಿಬಿಡುತ್ತೇನೆ. ಹಣ ಸಂಗ್ರಹಕ್ಕಾಗಿ ನಡೆಸುವ ಪಾಪ್‌ಕಾರ್ನ್ ಮಾರಾಟದ ಕೊನೆಯ ದಿನಾಂಕ, ಬಡವರಿಗೆ ಆಹಾರ ಸಂಗ್ರಹಿಸುವ ಸ್ಕೌಟಿಂಗ್ ಫಾರ್ ಫುಡ್ ಅಭಿಯಾನದ ವಿವರ, ಬೇಸಿಗೆ ಶಿಬಿರದ ಶುಲ್ಕ, ಇವೆಲ್ಲ ಕೌನ್ಸಿಲ್‌ನ ಮಿಂಚಂಚೆಯಲ್ಲಿ ಮೊದಲೇ ಬಂದಿರುತ್ತವೆ. ಅದನ್ನೇ ವೇದಿಕೆಯ ಮೇಲಿಂದ ಅರ್ಧ ಗಂಟೆ ಓದಿ ಹೇಳುವುದನ್ನು ನಾನು ಎಂದೂ ಇಷ್ಟಪಟ್ಟಿಲ್ಲ. ನಮ್ಮ ಪ್ಯಾಕ್‌ನ ಕೆಲವರು ಒಂದೇ ಸಭೆಗೆ ಬಂದು ಮತ್ತೆ ಬಾರದಿರಲು ಈ ಅರ್ಧ ಗಂಟೆಯೇ ಕಾರಣ, ಮತ್ತು ಆ ವಿಷಯದಲ್ಲಿ ಅವರನ್ನು ತಪ್ಪೆನ್ನಲಾರೆ.

ಸಭೆಯ ನಿಜವಾದ ಬೆಲೆ ಇರುವುದು ಕಬ್ ಸ್ಕೌಟ್‌ನವರ ಪ್ರತ್ಯೇಕ ಕೋಣೆಯಲ್ಲಿ. ಪೈನ್‌ವುಡ್ ಡರ್ಬಿಯ ಉದಾಹರಣೆಯನ್ನೇ ತೆಗೆದುಕೊಳ್ಳೋಣ. 1953ರಲ್ಲಿ ಕ್ಯಾಲಿಫೋರ್ನಿಯದ ಮ್ಯಾನ್‌ಹಟನ್ ಬೀಚ್‌ನಲ್ಲಿ ಡಾನ್ ಮರ್ಫಿ ಎಂಬ ಕಬ್‌ಮಾಸ್ಟರ್, ಎಂಜಿನ್ ಇಲ್ಲದ ಕಾರುಗಳಲ್ಲಿ ಮಕ್ಕಳು ಇಳಿಜಾರಿನಲ್ಲಿ ಓಡುವ ಸೋಪ್‌ಬಾಕ್ಸ್ ಡರ್ಬಿಗೆ ವಯಸ್ಸು ಸಾಲದ ತಮ್ಮ ಮಗನಿಗಾಗಿ ಹುಟ್ಟುಹಾಕಿದ ಈ ಪುಟ್ಟ ಮರದ ಕಾರಿನ ಸ್ಪರ್ಧೆ ಇಂದು ಪ್ಯಾಕ್‌ಗಳ ವರ್ಷದ ದೊಡ್ಡ ಹಬ್ಬ. ಪೊಟ್ಟಣದಲ್ಲಿ ಸಿಗುವುದು ಏಳು ಇಂಚು ಉದ್ದದ ಪೈನ್ ಮರದ ತುಂಡು, ನಾಲ್ಕು ಪ್ಲಾಸ್ಟಿಕ್ ಚಕ್ರ, ಅಚ್ಚಿನ ಬದಲಿಗೆ ನಾಲ್ಕು ಮೊಳೆ. ಕಾರಿನ ತೂಕ ಐದು ಔನ್ಸ್, ಅಂದರೆ ಸುಮಾರು 142 ಗ್ರಾಂ ಮೀರಬಾರದು. ಹೇಗೆ ಮಾಡಬೇಕೆಂದು ತೋರಿಸುವ ವಿಡಿಯೊಗಳು ಬೇಕಾದಷ್ಟಿವೆ, ನಾನೂ ನೋಡಿದ್ದೆ. ಆದರೆ ಚಳಿಗಾಲದ ಒಂದು ಸಭೆಯಲ್ಲಿ, ಮೊಮ್ಮಕ್ಕಳಿಗೂ ಕಾರು ಮಾಡಿಸಿದ್ದ ಹಿರಿಯರೊಬ್ಬರು ಮೊಳೆಯೊಂದನ್ನು ನನ್ನ ಕೈಗೆ ಕೊಟ್ಟು, ಅದರ ತಲೆಯ ಕೆಳಗೆ ಉಗುರಾಡಿಸಿ ನೋಡಿ ಎಂದರು. ಕಣ್ಣಿಗೆ ಕಾಣದ ಒಂದು ಏರು ಉಗುರಿಗೆ ಸಿಕ್ಕಿತು. ಚಕ್ರ ಉಜ್ಜುವುದು ಅಲ್ಲೇ ಎಂದು ಹೇಳಿ, ಆ ಮೊಳೆಯನ್ನು ಡ್ರಿಲ್ ಯಂತ್ರಕ್ಕೆ ಸಿಕ್ಕಿಸಿ, ತಿರುಗುತ್ತಿರುವಾಗಲೇ ಸಣ್ಣ ಅರವನ್ನು ಓರೆಯಾಗಿ ಹಿಡಿದು ಏರನ್ನು ತೆಗೆದರು; ಆಮೇಲೆ ಒದ್ದೆ ಮಾಡಿದ ಮರಳು ಕಾಗದವನ್ನು, ಒರಟಿನಿಂದ ನಯದವರೆಗೆ ಒಂದಾದ ಮೇಲೊಂದರಂತೆ, ಬೆರಳುಗಳ ನಡುವೆ ಮಡಿಸಿ ಹಿಡಿದರು. ಮೊಳೆ ಕನ್ನಡಿಯಂತಾದ ಮೇಲೆ ಗ್ರಾಫೈಟ್ ಪುಡಿ ಸವರಿ ಚಕ್ರ ಹಾಕಿ ಬೆರಳಿನಿಂದ ತಿರುಗಿಸಿದಾಗ ಅದು ನಿಲ್ಲುವವರೆಗೆ ನಾವೆಲ್ಲ ಮಾತಿಲ್ಲದೆ ಕಾದೆವು.

ಅದಕ್ಕಿಂತ ಮುಖ್ಯವಾಗಿ ಅವರು ಹೇಳಿದ್ದು, ಇದೆಲ್ಲವನ್ನು ಅಪ್ಪಂದಿರು ಮಾಡಿಬಿಟ್ಟರೆ ಮಗುವಿಗೆ ಉಳಿಯುವುದು ಬಣ್ಣ ಬಳಿಯುವ ಕೆಲಸ ಮಾತ್ರ ಎಂದು. ಆದ್ದರಿಂದ ಅವರ ಪ್ಯಾಕ್‌ನಲ್ಲಿ ಒಂದು ಶನಿವಾರ ಎಲ್ಲರನ್ನೂ ಕೂಡಿಸಿ, ಗರಗಸದ ಕೆಲಸವನ್ನಷ್ಟೇ ದೊಡ್ಡವರು ಮಾಡಿ, ಮರಳು ಕಾಗದ ಉಜ್ಜುವುದನ್ನೂ ತೂಕ ನೋಡುವುದನ್ನೂ ಮಕ್ಕಳಿಗೇ ಬಿಡುತ್ತಿದ್ದರು. ಮನೆಯಲ್ಲಿ ಉಪಕರಣಗಳೇ ಇಲ್ಲದ, ಬಾಡಿಗೆ ಅಪಾರ್ಟ್‌ಮೆಂಟುಗಳಲ್ಲಿ ವಾಸಿಸುವ ಭಾರತೀಯ ಕುಟುಂಬಗಳೇ ಹೆಚ್ಚಿರುವ ನಮ್ಮ ಪ್ಯಾಕ್‌ಗೆ ಈ ಏರ್ಪಾಡು ಹೇಳಿ ಮಾಡಿಸಿದಂತಿತ್ತು. ಮುಂದಿನ ವರ್ಷದಿಂದ ನಾವೂ ಹಾಗೆಯೇ ಮಾಡುತ್ತಿದ್ದೇವೆ.

ನಿಯಮಗಳ ವಿಷಯದಲ್ಲೂ ಹೀಗೆಯೇ. ಪ್ರತಿ ಕಾರ್ಯಕ್ರಮದಲ್ಲಿ 21 ವರ್ಷ ದಾಟಿದ, ನೋಂದಾಯಿತರಾದ ಇಬ್ಬರು ದೊಡ್ಡವರು ಇರಲೇಬೇಕು ಎನ್ನುವುದು ಮಕ್ಕಳ ಸುರಕ್ಷತೆಗಾಗಿ ಮಾಡಿದ, ರಿಯಾಯಿತಿಯೇ ಇಲ್ಲದ ನಿಯಮ. ಆನ್‌ಲೈನ್ ತರಬೇತಿ ಅದನ್ನು ಸ್ಪಷ್ಟವಾಗಿಯೇ ಹೇಳುತ್ತದೆ. ಆದರೆ ಸಭೆಗೆ ಒಂದು ಗಂಟೆ ಇರುವಾಗ ಎರಡನೆಯ ಲೀಡರ್‌ಗೆ ಜ್ವರ ಬಂದರೆ ಏನು ಮಾಡಬೇಕು? ಬೇರೆ ಪ್ಯಾಕ್‌ನವರು ಎರಡು ಡೆನ್‌ಗಳನ್ನು ಒಂದೇ ಸಂಜೆ, ಒಂದೇ ಸಭಾಂಗಣದ ಎರಡು ಮೂಲೆಗಳಲ್ಲಿ ಸೇರಿಸುತ್ತಾರೆ ಎಂದು ತಿಳಿದದ್ದು ರೌಂಡ್‌ಟೇಬಲ್‌ನಲ್ಲಿ. ಒಬ್ಬರು ತಪ್ಪಿದರೂ ಸಭೆ ನಿಲ್ಲುವುದಿಲ್ಲ, ನಿಯಮವೂ ಮುರಿಯುವುದಿಲ್ಲ. ಪ್ಯಾಕ್‌ನ ರಾತ್ರಿ ಶಿಬಿರಕ್ಕೆ ಬಾಲೂ ಎಂಬ ಹೊರಾಂಗಣ ತರಬೇತಿ ಪಡೆದ ಒಬ್ಬರಾದರೂ ಬೇಕು, ಶಿಬಿರದ ಜಾಗಕ್ಕೆ ಕೌನ್ಸಿಲ್‌ನ ಒಪ್ಪಿಗೆ ಬೇಕು, 72 ಗಂಟೆ ಮೀರುವ ಶಿಬಿರವಾದರೆ ವೈದ್ಯರು ಪರೀಕ್ಷಿಸಿ ಸಹಿ ಮಾಡಿದ ಆರೋಗ್ಯ ಪತ್ರವೂ ಬೇಕು. ಇವು ಯಾವುವೂ ಗುಟ್ಟಿನ ಸಂಗತಿಗಳಲ್ಲ. ಆದರೆ ಯಾವ ಕೆಲಸವನ್ನು ಯಾವ ತಿಂಗಳು ಶುರು ಮಾಡಬೇಕು, ಸುತ್ತಮುತ್ತ ಈಗಾಗಲೇ ಒಪ್ಪಿಗೆ ಪಡೆದ ಉದ್ಯಾನಗಳು ಯಾವುವು, ಎಲ್ಲಿ ಶೌಚಾಲಯ ಚೆನ್ನಾಗಿದೆ, ಎಲ್ಲಿ ಸಣ್ಣ ಮಕ್ಕಳ ಕಾಲಿಗೆ ನೀರು ತೀರಾ ಹತ್ತಿರ, ಇದನ್ನೆಲ್ಲ ಬಾಯಿಂದ ಬಾಯಿಗೇ ತಿಳಿಯಬೇಕು.

ನಮ್ಮವರಿಗೇ ಸಂಬಂಧಿಸಿದ ಒಂದೆರಡು ಲಾಭಗಳನ್ನು ಹೇಳದಿದ್ದರೆ ಈ ಬರಹ ಅಪೂರ್ಣವಾದೀತು. ಸ್ಕೌಟಿಂಗ್‌ನಲ್ಲಿ ಮಕ್ಕಳು ತಮ್ಮ ಧರ್ಮದ ಅಧ್ಯಯನ ಮಾಡಿ ಪಡೆಯಬಹುದಾದ ಪದಕಗಳಿವೆ ಎಂದು ನನಗೆ ಹೇಳಿದವರು ಕ್ಯಾಥೊಲಿಕ್ ಚರ್ಚಿನ ಒಂದು ಪ್ಯಾಕ್‌ನ ಲೀಡರ್. ಹಿಂದೂ ಮಕ್ಕಳಿಗೆ ಕಬ್ ಸ್ಕೌಟ್ ವಯಸ್ಸಿನಲ್ಲಿ ‘ಧರ್ಮ’, ಟ್ರೂಪ್ ವಯಸ್ಸಿನಲ್ಲಿ ‘ಕರ್ಮ’ ಎಂಬ ಪದಕಗಳಿರುವುದು ಆಮೇಲೆ ತಿಳಿಯಿತು. ಪದಕ ಪಡೆದ ಮಕ್ಕಳು ಸಮವಸ್ತ್ರದ ಮೇಲೆ ನೇರಳೆ ಬಟ್ಟೆಯಲ್ಲಿ ಬೆಳ್ಳಿ ಬಣ್ಣದ ಗಂಟಿನ ಗುರುತನ್ನು ಧರಿಸಬಹುದು. ಅಜ್ಜಿಯ ಹತ್ತಿರ ಕೂತು ಹಬ್ಬಗಳ ಕತೆ ಕೇಳಿಸಿಕೊಳ್ಳಲು ನನ್ನ ಮಗನಿಗೆ ಅದಕ್ಕಿಂತ ಒಳ್ಳೆಯ ನೆಪ ಬೇರೆ ಸಿಗುತ್ತಿರಲಿಲ್ಲ. ಇನ್ನೊಂದು, ಊಟ. ಶಿಬಿರದ ಅಡುಗೆಮನೆಗೆ ಸಸ್ಯಾಹಾರಿಗಳ ಪಟ್ಟಿಯನ್ನು ಮುಂಚೆಯೇ ಬರೆದು ಕೊಡಬೇಕು, ಮೊಟ್ಟೆ ತಿನ್ನದವರನ್ನೂ ಈರುಳ್ಳಿ ಬೆಳ್ಳುಳ್ಳಿ ತಿನ್ನದವರನ್ನೂ ಬೇರೆ ಬೇರೆಯಾಗಿ ನಮೂದಿಸಬೇಕು ಎಂದು ಪಕ್ಕದ ಊರಿನ ಗುಜರಾತಿ ಸ್ಕೌಟ್‌ಮಾಸ್ಟರ್ ಒಬ್ಬರು ಕಾಫಿ ಕುಡಿಯುತ್ತ ವಿವರಿಸಿದ ಮೇಲೆ, ನಮ್ಮ ಮಕ್ಕಳು ಶಿಬಿರದಲ್ಲಿ ಬರೀ ಬ್ರೆಡ್ಡು, ಪೀನಟ್ ಬಟರ್ ತಿಂದು ದಿನ ಕಳೆಯುವುದು ತಪ್ಪಿತು.

ಕಾಫಿಯ ಹೊತ್ತಿನ ಹರಟೆಗೆ ಇನ್ನೂ ಒಂದು ಪ್ರಯೋಜನವಿದೆ. ಐದನೆಯ ತರಗತಿಯ ಮಕ್ಕಳು ಚಳಿಗಾಲದ ಕೊನೆಗೆ ಪ್ಯಾಕ್ ಬಿಟ್ಟು ಟ್ರೂಪ್ ಸೇರುವಾಗ, ಯಾವ ಟ್ರೂಪ್‌ನಲ್ಲಿ ಮಕ್ಕಳೇ ಕಾರ್ಯಕ್ರಮ ನಡೆಸುತ್ತಾರೆ, ಎಲ್ಲಿ ದೊಡ್ಡವರ ಗದ್ದಲ ಹೆಚ್ಚು ಎನ್ನುವುದು ಯಾವ ಜಾಲತಾಣದಲ್ಲೂ ಬರೆದಿರುವುದಿಲ್ಲ. ಸ್ಕೌಟ್‌ಮಾಸ್ಟರ್‌ಗಳ ಜೊತೆ ಹತ್ತು ನಿಮಿಷ ನಿಂತು ಮಾತಾಡಿದರೆ ಅದು ತಾನಾಗಿ ಗೊತ್ತಾಗುತ್ತದೆ. ಕೊರಳಲ್ಲಿ ಮರದ ಮಣಿಗಳನ್ನು ಧರಿಸಿದ ಹಿರಿಯರನ್ನು ಕಂಡು ಹೊಸಬರು ಹಿಂಜರಿಯುವುದುಂಟು. ಅವು 1919ರಲ್ಲಿ ಇಂಗ್ಲೆಂಡಿನ ಗಿಲ್‌ವೆಲ್ ಪಾರ್ಕ್‌ನಲ್ಲಿ ಆರಂಭವಾದ ವುಡ್ ಬ್ಯಾಡ್ಜ್ ತರಬೇತಿಯ ಗುರುತು, ಅಷ್ಟೆ. ಕೇಳಿದರೆ ಅವರಷ್ಟು ಸಂತೋಷದಿಂದ ಹೇಳಿಕೊಡುವವರು ಬೇರೆ ಇಲ್ಲ.

ಹಾಗೆಂದು ಎಲ್ಲ ರೌಂಡ್‌ಟೇಬಲ್‌ಗಳೂ ಸಮಯಕ್ಕೆ ತಕ್ಕ ಬೆಲೆ ಕೊಡುತ್ತವೆ ಎಂದು ನಾನು ಹೇಳುವುದಿಲ್ಲ. ಸಭೆ ನಡೆಸುವ ಕಮಿಷನರ್ ಕೂಡ ಸ್ವಯಂಸೇವಕರೇ. ಅವರಿಗೆ ಬಿಡುವಿಲ್ಲದ ವರ್ಷ ಸಭೆಯೂ ಸೊರಗುತ್ತದೆ. ಕೆಲಕಾಲ ನಮ್ಮಲ್ಲಿ ಪ್ರತ್ಯೇಕ ಕೋಣೆಯ ಕಲಾಪವೇ ನಿಂತು, ಹಣ ಸಂಗ್ರಹದ ಗುರಿಗಳ ಮಾತೇ ಸಂಜೆಯನ್ನೆಲ್ಲ ನುಂಗುತ್ತಿತ್ತು. ಆಗ ನಾನು ಕೆಲವು ತಿಂಗಳು ಹೋಗುವುದನ್ನು ಬಿಟ್ಟು, ಬಿಟ್ಟ ಕಾರಣವನ್ನು ಕಮಿಷನರ್‌ಗೆ ವಿನಯದಿಂದ ಬರೆದು ತಿಳಿಸಿದೆ. ಸುಮ್ಮನೆ ಬಾರದೆ ಇರುವವರಿಗಿಂತ ಹೀಗೆ ತಿಳಿಸುವವರಿಂದ ಅವರಿಗೆ ಹೆಚ್ಚು ಸಹಾಯವಾಗುತ್ತದೆ. ಕೋವಿಡ್ ಕಾಲದಲ್ಲಿ ಸಭೆ ಜೂಮ್‌ಗೆ ಹೋದಾಗ ಹಾಜರಾತಿ ಸುಲಭವಾಯಿತೇನೋ ನಿಜ. ಆದರೆ ಕೈಗೆ ಮೊಳೆ ಕೊಟ್ಟು ತೋರಿಸುವುದೂ ಕಾಫಿಯ ಹರಟೆಯೂ ಅಲ್ಲಿ ಸಾಧ್ಯವಿರಲಿಲ್ಲ. ಉಳಿದದ್ದು ಪ್ರಕಟಣೆಗಳು ಮಾತ್ರ.

ಈಗ ನಮ್ಮ ಪ್ಯಾಕ್‌ನಲ್ಲಿ ಪಾಳಿಯ ಪದ್ಧತಿ ಇದೆ. ಪ್ರತಿ ತಿಂಗಳು ಇಬ್ಬರು ಹೋಗುತ್ತಾರೆ, ಅವರಲ್ಲಿ ಒಬ್ಬರು ಹೊಸಬರಾಗಿರಬೇಕು. ಒಂದೇ ಕಾರಿನಲ್ಲಿ ಹೋಗುವುದರಿಂದ ದಾರಿಯಲ್ಲೇ ಅರ್ಧ ಪಾಠ ಆಗಿರುತ್ತದೆ. ಹೋಗುವ ಮುನ್ನ ಉಳಿದ ಡೆನ್ ಲೀಡರ್‌ಗಳು ತಮ್ಮ ಪ್ರಶ್ನೆಗಳನ್ನು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕುತ್ತಾರೆ, ಮರಳಿದವರು ಆ ರಾತ್ರಿಯೇ ಉತ್ತರಗಳನ್ನು ಚುಟುಕಾಗಿ ಬರೆಯುತ್ತಾರೆ. ಪ್ರಶ್ನೆ ಹಿಡಿದು ಹೋದವರಿಗೆ ಸಭೆ ಬೇಸರ ತರಿಸಿದ್ದನ್ನು ನಾನು ಕಂಡಿಲ್ಲ. ಎಲ್ಲ ತಿಂಗಳೂ ಒಂದೇ ತೂಕದವಲ್ಲ ಎನ್ನುವುದೂ ನೆನಪಿರಲಿ: ಶಾಲೆ ಶುರುವಾಗಿ ಹೊಸ ಮಕ್ಕಳನ್ನು ಸೇರಿಸಿಕೊಳ್ಳುವ ಸೆಪ್ಟೆಂಬರ್, ಡರ್ಬಿಗೆ ತಯಾರಿ ನಡೆಸುವ ಚಳಿಗಾಲದ ಆರಂಭ, ಬೇಸಿಗೆ ಶಿಬಿರಕ್ಕೆ ಹೆಸರು ನೋಂದಾಯಿಸುವ ಜನವರಿ ಆಸುಪಾಸಿನ ಸಭೆಗಳನ್ನು ತಪ್ಪಿಸಬೇಡಿ, ಉಳಿದವುಗಳಲ್ಲಿ ನಿಮ್ಮ ಅನುಕೂಲ ನೋಡಿಕೊಳ್ಳಿ. ಎರಡು ವರ್ಷ ಕಳೆದ ಮೇಲೆ ನಿಮಗೆ ಕೇಳುವ ಪ್ರಶ್ನೆಗಳು ಕಡಿಮೆಯಾಗುತ್ತವೆ. ಆಗ ಕಮಿಷನರ್ ನಿಮ್ಮ ಬಳಿ ಬಂದು, ಮುಂದಿನ ತಿಂಗಳು ಅರ್ಧ ಗಂಟೆ ನೀವೇ ಏನಾದರೂ ಹೇಳಿಕೊಡಬಹುದೇ ಎಂದು ಕೇಳುತ್ತಾರೆ. ನನ್ನನ್ನು ಕೇಳಿದಾಗ ನಾನು ಒಪ್ಪಿಕೊಂಡ ವಿಷಯ, ಶಿಬಿರದ ಒಲೆಯ ಮೇಲೆ ಐವತ್ತು ಜನರಿಗೆ ಬಿಸಿಬೇಳೆಬಾತ್ ಮಾಡುವ ಕ್ರಮ.