ಬೀಜಾತೀತ ಸಂಖ್ಯೆಗಳನ್ನು ಕೈಯಾರೆ ಲೆಕ್ಕ ಮಾಡಿ ಅರಿಯುವ ಬಗೆ

ವಿಜಯಪುರದ ಗೋಳಗುಮ್ಮಟದೊಳಗೆ ನಿಂತು ತಲೆಯೆತ್ತಿ ನೋಡಿದರೆ, ಚೌಕಾಕಾರದ ಹಜಾರದ ಮೇಲೆ ದುಂಡನೆಯ ಗುಮ್ಮಟ ಕುಳಿತಿರುವುದು ಕಾಣುತ್ತದೆ. ಒಂದನ್ನೊಂದು ಹಾಯ್ದು ಹೋಗುವ ಕಮಾನುಗಳು, ಒಂದು ಚೌಕದ ಮೇಲೆ ಇನ್ನೊಂದು ಚೌಕವನ್ನು ತಿರುಗಿಸಿ ಇಟ್ಟಂತೆ, ಎಂಟು ಮೂಲೆಗಳ ಆಕೃತಿಯನ್ನು ಕಟ್ಟಿ ಗುಮ್ಮಟದ ಭಾರವನ್ನು ಹೊರುತ್ತವೆ. ಆ ಎಂಟು ಮೂಲೆಗಳ ಅಳತೆಯಲ್ಲಿ √2 ಅಡಗಿದೆ, ಮೇಲಿನ ವೃತ್ತದ ಸುತ್ತಳತೆಯಲ್ಲಿ ಪೈ ಅಡಗಿದೆ. ಎರಡೂ ಅಭಾಗಲಬ್ಧ ಸಂಖ್ಯೆಗಳೇ, ಆದರೆ ಎರಡರ ಜಾತಿ ಬೇರೆ. ಮೊದಲನೆಯದು ಬೀಜೀಯ ಸಂಖ್ಯೆ. ಎರಡನೆಯದು ಬೀಜಾತೀತ, ಅಂದರೆ ಟ್ರಾನ್ಸೆಂಡೆಂಟಲ್ ಸಂಖ್ಯೆ. ಈ ಭೇದವನ್ನು ಹೈಸ್ಕೂಲಿನ ಬೀಜಗಣಿತದಿಂದಲೇ ಬಹುಮಟ್ಟಿಗೆ ಹಿಡಿಯಬಹುದು. ಒಂದು ನೋಟ್‌ಬುಕ್ಕು, ಒಂದು ಕ್ಯಾಲ್ಕ್ಯುಲೇಟರ್ ಹತ್ತಿರವಿರಲಿ.

ಮೊದಲು ಸಮೀಕರಣ ಕಟ್ಟುವುದನ್ನು ರೂಢಿಸಿಕೊಳ್ಳಬೇಕು. ಪೂರ್ಣಾಂಕಗಳನ್ನೇ ಸಹಗುಣಕಗಳಾಗಿ ಉಳ್ಳ ಯಾವುದಾದರೂ ಬಹುಪದೋಕ್ತಿ ಸಮೀಕರಣಕ್ಕೆ (ಸಹಗುಣಕಗಳೆಲ್ಲವೂ ಸೊನ್ನೆಯಾಗಿರಬಾರದು) ಒಂದು ಸಂಖ್ಯೆ ಮೂಲವಾದರೆ ಅದು ಬೀಜೀಯ. ಅಂಥ ಸಮೀಕರಣವೇ ಇಲ್ಲವಾದರೆ ಅದು ಬೀಜಾತೀತ. 3/7ಕ್ಕೆ 7ಕ್ಷ − 3 = 0 ಸಾಕು, √2ಕ್ಕೆ ಕ್ಷ² − 2 = 0 ಸಾಕು. √2 + √3 ಎಂಬುದನ್ನು ತೆಗೆದುಕೊಂಡರೆ ಕೆಲಸ ಸ್ವಲ್ಪ ರುಚಿಕಟ್ಟಾಗುತ್ತದೆ. ಅದನ್ನು ಕ್ಷ ಎನ್ನಿ. ವರ್ಗ ಮಾಡಿದಾಗ ಕ್ಷ² = 5 + 2√6 ಬರುತ್ತದೆ. 5ನ್ನು ಎಡಕ್ಕೆ ತಂದು ಮತ್ತೊಮ್ಮೆ ವರ್ಗ ಮಾಡಿದರೆ (ಕ್ಷ² − 5)² = 24, ಅಂದರೆ ಕ್ಷ⁴ − 10ಕ್ಷ² + 1 = 0. ಮೂಲಚಿಹ್ನೆಗಳೆಲ್ಲ ಕರಗಿಹೋದವು, ಸಂಖ್ಯೆ ಬೀಜೀಯವೆಂದು ಸಿದ್ಧವಾಯಿತು. ಇದೇ ಕ್ರಮದಲ್ಲಿ 1 + ∛2ಕ್ಕೆ ಸಮೀಕರಣ ಕಟ್ಟಿ ನೋಡಿ; ಕ್ಷ³ − 3ಕ್ಷ² + 3ಕ್ಷ − 3 = 0 ಬರಬೇಕು.

ವಿದ್ಯಾರ್ಥಿಗಳು ಇಲ್ಲಿ ಎರಡು ಕಡೆ ಎಡವುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಪೈಗೆ ಕ್ಷ − ಪೈ = 0 ಎಂದು ಬರೆದು ಸಮೀಕರಣ ಸಿಕ್ಕಿತೆನ್ನುವುದು ಒಂದು; ಅಲ್ಲಿ ಸಹಗುಣಕವೇ ಪೂರ್ಣಾಂಕವಲ್ಲ. ತಮಗೆ ಸಮೀಕರಣ ಸಿಗಲಿಲ್ಲವೆಂಬ ಕಾರಣಕ್ಕೆ ಸಂಖ್ಯೆಯನ್ನು ಬೀಜಾತೀತವೆಂದು ತೀರ್ಮಾನಿಸುವುದು ಇನ್ನೊಂದು. ಹುಡುಕಿ ಸಿಗದಿರುವುದು ಬೇರೆ, ಇಲ್ಲವೇ ಇಲ್ಲವೆಂದು ಸಾಧಿಸುವುದು ಬೇರೆ. ಆ ಸಾಧನೆಗೆ ದಾರಿ ತೆರೆದದ್ದು ಭಿನ್ನರಾಶಿಗಳು ಒಂದು ಸಂಖ್ಯೆಯ ಎಷ್ಟು ಸಮೀಪ ಬರಬಲ್ಲವು ಎಂಬ ಪ್ರಶ್ನೆ.

ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. ಪೈ ಬದಲು 22/7 ಹಿಡಿದು ಸುತ್ತಳತೆ ಲೆಕ್ಕ ಹಾಕಿದರೆ ಐದು ಸೆಂಟಿಮೀಟರಿನಷ್ಟು ಹೆಚ್ಚು ಬರುತ್ತದೆ. ಭಾಸ್ಕರಾಚಾರ್ಯರು 1150ರ ಸುಮಾರಿಗೆ ಲೀಲಾವತಿಯಲ್ಲಿ ಕೊಟ್ಟ ಸೂಕ್ಷ್ಮಮಾನ 3927/1250 ಹಿಡಿದರೆ ತಪ್ಪು ಒಂದು ಮಿಲಿಮೀಟರಿನ ಮೂರನೇ ಒಂದು ಭಾಗಕ್ಕಿಂತಲೂ ಕಡಿಮೆ. ಛೇದ ದೊಡ್ಡದಾದಂತೆ ಸಾಮೀಪ್ಯ ಹೆಚ್ಚಬಹುದು, ಆದರೆ ಇಂತಿಷ್ಟು ಛೇದಕ್ಕೆ ಎಷ್ಟು ಸಾಮೀಪ್ಯ? √2ಕ್ಕೆ ಇದನ್ನು ಪೂರ್ತಿಯಾಗಿ ಲೆಕ್ಕ ಮಾಡಬಹುದು. 1.5ಕ್ಕಿಂತ ಚಿಕ್ಕದಾದ ಧನ ಭಿನ್ನರಾಶಿಯೊಂದರ ಅಂಶ ಅ, ಛೇದ ಛ ಆಗಿರಲಿ. 2ಛ² − ಅ² ಒಂದು ಪೂರ್ಣಾಂಕ. √2 ಅಭಾಗಲಬ್ಧವಾದ್ದರಿಂದ ಅದು ಸೊನ್ನೆಯಾಗಲಾರದು. ಆದ್ದರಿಂದ ಅದರ ಪರಿಮಾಣ ಕನಿಷ್ಠ 1. √2 ಮತ್ತು ಅ/ಛ ಇವುಗಳ ಅಂತರವೆಂದರೆ ಇದನ್ನು ಛ²(√2 + ಅ/ಛ) ಇಂದ ಭಾಗಿಸಿದ್ದು, ಮತ್ತು ಆವರಣದೊಳಗಿನದು 3ಕ್ಕಿಂತ ಕಡಿಮೆ. ಹೀಗಾಗಿ ಅಂತರ 1/(3ಛ²)ಕ್ಕಿಂತ ಹೆಚ್ಚೇ ಇರಬೇಕು. 7/5 ಇಟ್ಟು ಪರೀಕ್ಷಿಸಿ: ಅಂತರ 0.0142, ಮಿತಿ 0.0133. 17/12 ಇಟ್ಟರೆ ಅಂತರ 0.00245, ಮಿತಿ 0.00231. ಮಿತಿಯ ಅಂಚಿನವರೆಗೆ ಬರುತ್ತವೆ, ದಾಟುವುದಿಲ್ಲ. ಇದನ್ನು ಸ್ವಂತ ಕೈಯಿಂದ ಲೆಕ್ಕ ಹಾಕಿ ನೋಡದೆ ಮುಂದೆ ಹೋಗಬೇಡಿ.

ಫ್ರಾನ್ಸಿನ ಲಿಯೂವಿಲ್ 1844ರಲ್ಲಿ ಕಂಡದ್ದು ಇದರ ವಿಸ್ತರಣೆ. ಅಭಾಗಲಬ್ಧ ಬೀಜೀಯ ಸಂಖ್ಯೆಯೊಂದು ಮೂರನೇ ಘಾತದ ಸಮೀಕರಣದ ಮೂಲವಾದರೆ ಭಿನ್ನರಾಶಿಯ ಅಂತರವು ಒಂದು ಸ್ಥಿರಾಂಕವನ್ನು ಛ³ ಇಂದ ಭಾಗಿಸಿದ್ದಕ್ಕಿಂತ ಕಡಿಮೆಯಾಗದು, ನಾಲ್ಕನೇ ಘಾತವಾದರೆ ಛ⁴ ಇಂದ, ಹೀಗೆ ಎಷ್ಟನೇ ಘಾತಕ್ಕಾದರೂ. ಈ ಎಲ್ಲ ಮಿತಿಗಳನ್ನೂ ಮುರಿಯುವ ಸಂಖ್ಯೆಯನ್ನು ಕಟ್ಟಬಹುದು. ದಶಮಾಂಶ ಬಿಂದುವಿನ ನಂತರ 1, 2, 6, 24, 120 (ಅಂದರೆ 1, 1×2, 1×2×3 ಎಂಬ ಕ್ರಮದ) ಸ್ಥಾನಗಳಲ್ಲಿ ಮಾತ್ರ 1 ಬರೆದು ಉಳಿದೆಡೆ ಸೊನ್ನೆ ಇಡಿ: 0.110001000… ಆರನೇ ಸ್ಥಾನಕ್ಕೆ ಕತ್ತರಿಸಿದರೆ ಛೇದ 10⁶. ಮುಂದಿನ 1 ಬರುವುದು 24ನೇ ಸ್ಥಾನದಲ್ಲಿ, ಆದ್ದರಿಂದ ಅಂತರ ಸುಮಾರು 1/10²⁴, ಅಂದರೆ 1/ಛ⁴. 24ನೇ ಸ್ಥಾನಕ್ಕೆ ಕತ್ತರಿಸಿದರೆ ಅಂತರ ಸುಮಾರು 1/ಛ⁵, 120ನೇ ಸ್ಥಾನಕ್ಕೆ ಕತ್ತರಿಸಿದರೆ 1/ಛ⁶. ಘಾತ ಏರುತ್ತಲೇ ಹೋಗುವುದರಿಂದ ಯಾವ ಸಮೀಕರಣದ ಮಿತಿಯೂ ಈ ಸಂಖ್ಯೆಯನ್ನು ತಡೆಹಿಡಿಯದು, ಇದು ಬೀಜಾತೀತ. ಸೊನ್ನೆ ಒಂದುಗಳಿಂದಲೇ ಇಂಥದೊಂದು ಸತ್ಯ ಹೊರಡುವುದು ನನಗೆ ಗಣಿತದ ಅತ್ಯಂತ ಸುಂದರ ಸಂಗತಿಗಳಲ್ಲಿ ಒಂದು.

ಆದರೆ ಈ ಉಪಾಯ ಪೈ ಮೇಲೆ ನಡೆಯುವುದಿಲ್ಲ, ಏಕೆಂದರೆ ಭಿನ್ನರಾಶಿಗಳು ಪೈಗೆ ಅಷ್ಟೊಂದು ಸಮೀಪ ಬರುವುದೇ ಇಲ್ಲವೆಂದು ಮಾಲರ್ 1953ರಲ್ಲಿ ಸಾಧಿಸಿದರು. ಪೈಗೆ ಬೇರೆ ದಾರಿ ಬೇಕಾಯಿತು. 2.718… ಎಂಬ ಇ ಸಂಖ್ಯೆ ಬೀಜಾತೀತವೆಂದು ಹರ್ಮೀಟ್ 1873ರಲ್ಲಿ ತೋರಿಸಿದರು. ಸೊನ್ನೆಯಲ್ಲದ ಯಾವ ಬೀಜೀಯ ಸಂಖ್ಯೆಯನ್ನು ಇ ಮೇಲೆ ಘಾತವಾಗಿ ಇಟ್ಟರೂ ಫಲ ಬೀಜಾತೀತವೇ ಎಂದು ಲಿಂಡೆಮನ್ 1882ರಲ್ಲಿ ತೋರಿಸಿದರು. ಆಯ್ಲರ್ ಅವರ ಸೂತ್ರದಂತೆ ಇ ಮೇಲೆ √−1 × ಪೈ ಘಾತವಿಟ್ಟರೆ −1 ಬರುತ್ತದೆ. −1 ಬೀಜೀಯ, √−1 ಕೂಡ ಬೀಜೀಯ. ಪೈ ಸಹ ಬೀಜೀಯವಾಗಿದ್ದರೆ ಘಾತವೂ ಬೀಜೀಯವಾಗಿ, ಲಿಂಡೆಮನ್ನರ ಮಾತು ಸುಳ್ಳಾಗಬೇಕಿತ್ತು. ಹಾಗಾಗಿ ಪೈ ಬೀಜಾತೀತ. ಹಗ್ಗ, ಗೂಟ, ಅಳತೆಗೆರೆಯಿಲ್ಲದ ಪಟ್ಟಿ ಇವುಗಳಿಂದ ಒಂದು ನಿಶ್ಚಿತ ಉದ್ದವನ್ನು ಮೊದಲಾಗಿಟ್ಟುಕೊಂಡು ಎಳೆಯಬಹುದಾದ ಉದ್ದಗಳೆಲ್ಲ ಬೀಜೀಯವೇ ಆದ್ದರಿಂದ, ವೃತ್ತಕ್ಕೆ ಸಮನಾದ ಕ್ಷೇತ್ರಫಲದ ಚೌಕವನ್ನು ಹೀಗೆ ರಚಿಸುವುದು ಅಸಾಧ್ಯವೆಂದೂ ಅಂದೇ ತೀರ್ಮಾನವಾಯಿತು. ಗುಮ್ಮಟದ ಎಂಟು ಮೂಲೆಗಳು ಹಗ್ಗ ಗೂಟಗಳಿಗೆ ದಕ್ಕುತ್ತವೆ. ಆ ಚೌಕ ದಕ್ಕದು.

ಲಿಂಡೆಮನ್ನರ ಪ್ರಮೇಯವನ್ನು ಉಪಕರಣವಾಗಿ ಬಳಸಿ, 2ರ ಸ್ವಾಭಾವಿಕ ಲಾಗರಿದಮ್ (ಇ ಮೇಲೆ ಎಷ್ಟು ಘಾತವಿಟ್ಟರೆ 2 ಬರುತ್ತದೋ ಆ ಸಂಖ್ಯೆ) ಬೀಜಾತೀತವೆಂದು ನೀವೇ ಒಂದೇ ಸಾಲಿನಲ್ಲಿ ಸಾಧಿಸಬಹುದು. 2ರ ಮೇಲೆ √2 ಘಾತವಿಟ್ಟ ಸಂಖ್ಯೆಗೆ ಅದು ಸಾಲದು; ಅಲ್ಲಿ 1934ರ ಗೆಲ್ಫಾಂಡ್–ಶ್ನೈಡರ್ ಪ್ರಮೇಯ (0, 1 ಅಲ್ಲದ ಬೀಜೀಯ ಸಂಖ್ಯೆಯ ಮೇಲೆ ಅಭಾಗಲಬ್ಧ ಬೀಜೀಯ ಘಾತವಿಟ್ಟರೆ ಫಲ ಬೀಜಾತೀತ ಎಂಬುದು) ನೆರವಿಗೆ ಬರುತ್ತದೆ.

ಇನ್ನೊಂದು ಲೆಕ್ಕವನ್ನು ತಪ್ಪದೆ ಮಾಡಿ. ಇ + ಪೈ ಬೀಜಾತೀತವೇ, ಇ × ಪೈ ಬೀಜಾತೀತವೇ ಎಂಬುದನ್ನು ಈವರೆಗೆ ಯಾರೂ ಸಾಧಿಸಿಲ್ಲ. ಆದರೂ ಎರಡರಲ್ಲಿ ಒಂದಾದರೂ ಬೀಜಾತೀತವೆಂದು ಖಚಿತವಾಗಿ ಹೇಳಬಹುದು. ಕ್ಷ² − (ಇ + ಪೈ)ಕ್ಷ + ಇ×ಪೈ = 0 ಎಂದು ಬರೆಯಿರಿ; ಅದರ ಮೂಲಗಳು ಇ ಮತ್ತು ಪೈ. ಸಹಗುಣಕಗಳೆಲ್ಲ ಬೀಜೀಯವಾಗಿದ್ದರೆ ಮೂಲಗಳೂ ಬೀಜೀಯವಾಗಿರಲೇಬೇಕಿತ್ತು.