ಹನ್ನೊಂದನೆಯ ತರಗತಿ ಅರ್ಜಿ: ಹತ್ತು ಕಾಲೇಜುಗಳ ಪಟ್ಟಿ ಮಾಡುವುದು ಹೇಗೆ?

ಮುಂಬಯಿ, ಪುಣೆಗಳಲ್ಲಿ ಮೊದಲಿನಿಂದ ಇದ್ದ ಹನ್ನೊಂದನೆಯ ತರಗತಿಯ ಆನ್‌ಲೈನ್ ಪ್ರವೇಶ 2025ರಿಂದ ಇಡೀ ಮಹಾರಾಷ್ಟ್ರಕ್ಕೆ ಬಂದಿದೆ. ಅರ್ಜಿಯಲ್ಲಿ ಒಂದರಿಂದ ಹತ್ತು ಕಾಲೇಜುಗಳನ್ನು ಬರೆಯಬಹುದು. ಹೆಚ್ಚಿನವರು ಎಡವುವುದು ಕ್ರಮಾಂಕ ಹಾಕುವಾಗ.

ಒಂದನೆಯ ಸಾಲಿನ ಕಾಲೇಜು ಸಿಕ್ಕಿತೆಂದರೆ ಅಲ್ಲಿಗೇ ಸೇರಬೇಕು. ಬೇಡವೆಂದರೆ ಸೀಟು ಹಂಚಿಕೆಯ ಮುಂದಿನ ನಿಯಮಿತ ಸುತ್ತುಗಳಿಂದ ಹೊರಗೆ. ಕೆಳಗಿನ ಸಾಲಿನದು ಸಿಕ್ಕರೆ ಮುಂದಿನ ಸುತ್ತಿಗೆ ಕಾಯಬಹುದು. ನೆಂಟರು ಹೇಳಿದರೆಂದು ಡೊಂಬಿವಲಿಯ ಹುಡುಗಿ ದೂರದ ಚರ್ಚ್‌ಗೇಟಿನ ಕಾಲೇಜನ್ನು ಮೊದಲು ಬರೆಯುವ ಮುನ್ನ, ಬೆಳಗಿನ ಗರ್ದಿಯ ಲೋಕಲ್ ರೈಲಿನಲ್ಲಿ ಒಮ್ಮೆ ಹೋಗಿ ಬರಲಿ.

ಕಡಿಮೆ ಕಟ್‌ಆಫ್‌ನ (ಸೀಟು ಸಿಕ್ಕ ಕೊನೆಯವರ ಅಂಕ) ಕಾಲೇಜನ್ನು ಮೇಲೆ ಬರೆದರೆ ಸೀಟು ಖಚಿತ ಎಂಬ ಮಾತು ಸುಳ್ಳು. ಹಂಚಿಕೆ ನಡೆಯುವುದು ಅಂಕದ ಮೇಲೆ. ನಿಮ್ಮ ಸರದಿ ಬಂದಾಗ ಪಟ್ಟಿಯನ್ನು ಮೇಲಿನಿಂದ ನೋಡುತ್ತಾ ಬಂದು, ಸೀಟು ಉಳಿದಿರುವ ಮೊದಲ ಕಾಲೇಜನ್ನು ಕೊಡುತ್ತಾರೆ. ಆದ್ದರಿಂದ ಆಸೆಯ ಕ್ರಮದಲ್ಲೇ ಬರೆಯಿರಿ.

500ಕ್ಕೆ 410 ಬಂದಿದೆ ಎನ್ನಿ. ಕಳೆದ ವರ್ಷದ ಮೊದಲ ಸುತ್ತಿನ ಕಟ್‌ಆಫ್ 415ರಿಂದ 420 ಇದ್ದ ಎರಡು-ಮೂರು ಕಾಲೇಜು, 400ರಿಂದ 410ರ ನಾಲ್ಕೈದು, 390ಕ್ಕಿಂತ ಕೆಳಗಿನ ಎರಡು-ಮೂರು ಇರಲಿ. ಹತ್ತೂ 440ರವಾದರೆ ಕೈ ಖಾಲಿ. ಒಂದೇ ಕಾಲೇಜು ಅನುದಾನಿತ, ಅನುದಾನರಹಿತ ಎಂದು ಬೇರೆ ಬೇರೆ ಕೋಡ್‌ಗಳಲ್ಲಿ ಇರುತ್ತದೆ. ಕಟ್‌ಆಫ್ ಬೇರೆ, ಶುಲ್ಕದ ಅಂತರವಂತೂ ದೊಡ್ಡದು. ಹೆಸರಲ್ಲ, ಕೋಡ್ ನೋಡಿ ಬರೆಯಿರಿ.

ಮಹಾರಾಷ್ಟ್ರದಲ್ಲಿರುವ ನಮ್ಮ ಕನ್ನಡಿಗರು ಮರೆಯುವ ಎರಡು ವಿಷಯ. ಕರ್ನಾಟಕದಲ್ಲಿ ಪಡೆದ ಜಾತಿ ಪ್ರಮಾಣಪತ್ರ ಇಲ್ಲಿನ ಮೀಸಲಾತಿಗೆ ನಡೆಯುವುದಿಲ್ಲ. ಅದೊಂದೇ ಇದ್ದರೆ ಸಾಮಾನ್ಯ ವರ್ಗದ ಕಟ್‌ಆಫ್ ನೋಡಿ. ಇನ್ನೊಂದು, ಭಾಷಾ ಅಲ್ಪಸಂಖ್ಯಾತ ಕಾಲೇಜುಗಳಲ್ಲಿ ಆ ಭಾಷಿಕರಿಗೆ ಅರ್ಧದಷ್ಟು ಸೀಟುಗಳ ಕೋಟಾ ಇದೆ. ಪವಾಯಿಯಲ್ಲಿ ಬಂಟರ ಸಂಘದ ಎಸ್.ಎಂ. ಶೆಟ್ಟಿ ಕಾಲೇಜು, ಪುಣೆಯಲ್ಲಿ ಕನ್ನಡ ಸಂಘದ ಕಾವೇರಿಯಂಥ ನಮ್ಮವರ ಸಂಸ್ಥೆಗಳಿಗೆ ಯಾವ ಭಾಷೆಯ ಮಾನ್ಯತೆ ನಮೂದಾಗಿದೆ ಎಂದು ಪೋರ್ಟಲ್‌ನಲ್ಲಿ ನೋಡಿಕೊಳ್ಳಿ. ಕೋಟಾಕ್ಕೆ ಪ್ರತ್ಯೇಕವಾಗಿ ಅರ್ಜಿ ಹಾಕಬೇಕು, ಆ ಹತ್ತು ಸಾಲುಗಳಲ್ಲಿ ಬರೆದರೆ ಸಾಲದು. ಶಾಲೆ ಬಿಟ್ಟ ಪ್ರಮಾಣಪತ್ರದಲ್ಲಿ ‘ಮಾತೃಭಾಷೆ’ ಕಾಲಂ ಇರುತ್ತದೆ. ಅಲ್ಲಿ ತಪ್ಪಾಗಿ ಮರಾಠಿ ಎಂದಿದ್ದರೆ ಫಲಿತಾಂಶಕ್ಕೆ ಮುಂಚೆಯೇ ಶಾಲೆಗೆ ಹೋಗಿ ವಿಚಾರಿಸಿ, ಆಮೇಲೆ ಶಾಲೆಯ ಕಚೇರಿಯಲ್ಲಿ ಯಾರಿಗೂ ಪುರುಸೊತ್ತಿರುವುದಿಲ್ಲ.